ಒಂದನ್ನು ತೋರಿಸುವ ಕಷ್ಟ

ನಮ್ಮ ಮನೆಯಲ್ಲಿ ಜೋಳ ಅಳೆಯುವಾಗ ಯಾರೂ ಒಂದು ಎನ್ನುವುದಿಲ್ಲ. ಮೊದಲ ಸೇರಿಗೆ ‘ಲಾಭ’ ಎನ್ನಬೇಕು, ಆಮೇಲೆ ಎರಡು, ಮೂರು. ಒಂದು ಎಂದರೆ ಧಾನ್ಯ ಒಂದಕ್ಕೇ ನಿಂತುಬಿಟ್ಟೀತೆಂಬ ಹೆದರಿಕೆ. ಸೇಡಂ, ಚಿತ್ತಾಪುರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೈಸ್ಕೂಲಿನಲ್ಲಿ ಗಣಿತ ಕಲಿಸುವ ನಾನೂ ಈ ಸಂಪ್ರದಾಯವನ್ನು ಸಹಿಸಿಕೊಂಡೇ ಬಂದಿದ್ದೆ, ತೊಂಬತ್ತರ ದಶಕದ ಕೊನೆಗೆ ಅದು ನನ್ನ ಮಗಳ ಅಡ್ಮಿಶನ್ನಿಗೇ ಅಡ್ಡ ಬರುವವರೆಗೆ.

ವಾಡಿಯ ಆ ಶಾಲೆಯಲ್ಲಿ ಸೀಟು ಸಿಗುವುದೇ ದುರ್ಲಭ. ಹೆಡ್‌ಮಿಸ್ ಎಣಿಸಲು ಹೇಳಿದರು. ಅಜ್ಜಿಯ ಪಕ್ಕ ಕುಳಿತು ಎಣಿಕೆ ಕಲಿತ ನನ್ನ ಸುಪುತ್ರಿ ಸುಸ್ಪಷ್ಟವಾಗಿ, “ಲಾಭ, ಎರಡು, ಮೂರು” ಎಂದಳು.

“ಗಣಿತದ ಮಾಸ್ತರ್ರ ಮಗಳೇನ್ರಿ ಇಕಿ? ಸೋಮವಾರ ಕಲಿಸಿಕೊಂಡು ಬರ್ರಿ. ಇಲ್ಲಾಂದ್ರ ಬರೋ ವರ್ಷ ನೋಡೋಣ.”

ತಡವಾಗಿ ಬರುವ ರೈಲಿಗೂ ತಾಸು ಮೊದಲೇ ಹೋಗಿ ನಿಲ್ಲುವ ಆಸಾಮಿ ನಾನು. ಸೋಮವಾರದವರೆಗೆ ನಿದ್ದೆಯೆಲ್ಲಿಂದ ಬಂದೀತು? ನಿಂಬೆಹಣ್ಣು ಹಿಡಿದು ಇದು ಒಂದು ಎಂದೆ. “ಇದು ನಿಂಬಿಹಣ್ಣಪ್ಪಾ.” ಕುರ್ಚಿ ತೋರಿಸಿದೆ. “ಆಗ ನಿಂಬಿಹಣ್ಣಿಗಿ ಒಂದು ಅಂದಿ, ಈಗ ಕುರ್ಚಿಗಿ ಅಂತಿ. ಖರೇ ಒಂದು ಯಾವುದು, ತೋರ್ಸು!”

ಸಂಖ್ಯೆ ವಸ್ತುವಲ್ಲ, ವಸ್ತುಗಳಿಂದ ನಿರ್ಲಿಪ್ತವಾದ ಅಮೂರ್ತ ಕಲ್ಪನೆ. ಆಕಳಾಗಲಿ ಕಲ್ಲಾಗಲಿ ಅದಕ್ಕೆ ಸರ್ವವೂ ಸಮಾನ. ವರ್ಷಗಟ್ಟಲೆ ಕರಿಹಲಗೆಯ ಮುಂದೆ ಉದ್ಘೋಷಿಸಿದ ಈ ಬ್ರಹ್ಮಜ್ಞಾನವನ್ನು ಫ್ರಾಕು ತೊಟ್ಟ ಪ್ರತಿವಾದಿಗೆ ಹೇಗೆ ತೋರಿಸಲಿ, ನೀವೇ ಹೇಳಿ. ಇಡೀ ಮನೆ ಹುಡುಕಿದರೂ ಬರೀ ಒಂದು ಎಂಬುದು ಎಲ್ಲಿಯೂ ಸಿಗಲಿಲ್ಲ. ಮೊರದ ಮುಂದಿದ್ದ ನನ್ನ ಅವ್ವ, “ಕೂಸಿಗ್ಯಾಕ ಕಾಡಾಕತ್ತೀಯೋ? ನೀನೂ ಹಂಗೇ ಕಲ್ತವ” ಎಂದು ಉರಿಗೆ ತುಪ್ಪ ಸುರಿದಳು.

ಸೋಮವಾರ ಹೆಡ್‌ಮಿಸ್ ಮತ್ತೆ ಎಣಿಸೆಂದರು. “ಏನ್ ಎಣಿಸ್ಲಿರಿ?” ಎಂದಳು ಮಗಳು. ಅವರು ನನ್ನತ್ತ ನೋಡಿದರು. ನಾನು ಗಡಿಯಾರದತ್ತ ನೋಡಿದೆ. ಕೊನೆಗೆ ಮೇಜಿನ ಮೇಲೆ ಚಾಕ್‌ಪೀಸುಗಳನ್ನಿಟ್ಟರು. “ಒಂದು” ಎಂದಳು. ನನಗೆ ಉಸಿರು ಬಂತು. ಸಾಲು ಮುಗಿಸಿದವಳೇ ನನ್ನ ಕಡೆ ತಿರುಗಿ, ಕೋಣೆಗೆಲ್ಲ ಕೇಳುವಂತೆ, “ಅಪ್ಪಾ, ಚಾಕ್‌ಪೀಸಿಗಿ ಒಂದು, ಜ್ವಾಳಕ್ಕ ಲಾಭ. ಹೌದಲ್ಲ?” ಎಂದಳು.

ಹೆಡ್‌ಮಿಸ್ ಪೆನ್ನು ಎತ್ತಿದ್ದರು, ಇನ್ನೂ ಸಹಿ ಮಾಡಿರಲಿಲ್ಲ. ಸರ್ವವೂ ಸಮಾನವೆಂದು ಸಾರುತ್ತ ಬಂದ ಅದೇ ಬಾಯಿಂದ, “ಹೌದವ್ವಾ, ಭಾಳ ಖರೇ” ಎಂದೆ.

“ನಮ್ಮನಿಯಾಗೂ ಜ್ವಾಳಕ್ಕ ಹಂಗೇ ಅಂತಾರ್ರಿ ಸರ್” ಎನ್ನುತ್ತ ಅವರು ಸಹಿ ಹಾಕಿದರು. ಇದನ್ನು ಮೊದಲ ದಿನವೇ ಹೇಳಲು ಆ ಮಹಾತಾಯಿಗೆ ಏನಾಗಿತ್ತು!