ತಂಗಡಿ ಗಿಡಕ್ಕೆ ಕಟ್ಟಿದ ರಿಬ್ಬನ್ನು

ಮೊನ್ನೆ ಮಗ ಹೋಟೆಲಿನಿಂದ ತಂದ ಇಡ್ಲಿ ಪೊಟ್ಟಣ ಬಿಚ್ಚಿದೆ. ಒಳಗೆ ಮುತ್ತುಗದ ಎಲೆ. ಬಿಸಿಗೆ ಬಾಡಿದ ಆ ಎಲೆಯ ಒಗರು ವಾಸನೆ ಮೂಗಿಗೆ ಬಿದ್ದದ್ದೇ ತಡ, ಚಟ್ನಿ ಬಡಿಸುವುದು ಮರೆತು ಹಾಗೇ ನಿಂತುಬಿಟ್ಟೆ. ಎಲೆಯವ್ವನ ಸೆರಗಿನ ವಾಸನೆ ಅದು...

ಯುದ್ಧದ ಕಾಲ, ಬಟ್ಟೆಗೂ ರೇಷನ್. ದೊಡ್ಡಬಳ್ಳಾಪುರದಾಚೆ, ಗುಡ್ಡದ ಬುಡದಲ್ಲಿದ್ದ ಸಣ್ಣ ಸ್ಟೇಷನ್ನಿಗೆ ಅಪ್ಪ ಸ್ಟೇಷನ್ ಮಾಸ್ತರ್. ನನಗೆ ಒಂಬತ್ತು ವರ್ಷ. ಬೆಂಗಳೂರಿನ ಕಾನ್ವೆಂಟ್ ಹಾಸ್ಟೆಲಿನಿಂದ ಬೇಸಿಗೆ ರಜೆಗೆ ಬಂದಿದ್ದೆ. ರಜೆಯ ಕೊನೆಯ ದಿನವೂ ಎಲ್ಲ ದಿನಗಳಂತೆಯೇ ಬೆಳಗಾಯಿತು. ಅಮ್ಮ ನೀರೊಲೆ ಹಚ್ಚಿದಳು, ಬೆಳಗಿನ ಗಾಡಿ ಹೋಯಿತು, ಗಾಡಿಯ ಹೊಗೆ ಕರಗುವ ಹೊತ್ತಿಗೆ ಎಲೆಯವ್ವ ಹಿತ್ತಲಿಗೆ ಬಂದಳು. ಒಂಟಿ ಹೆಂಗಸು. ಗುಡ್ಡದಲ್ಲಿ ಮುತ್ತುಗದ ಎಲೆ ಕೊಯ್ದು, ಕಡ್ಡಿ ಚುಚ್ಚಿ ಊಟದೆಲೆ ಮಾಡಿ ಮಾರುತ್ತಿದ್ದಳು. ಎಲೆಯ ರಸಕ್ಕೆ ಅವಳ ಎಡಗೈ ಹೆಬ್ಬೆರಳು ಕಪ್ಪಾಗಿತ್ತು.

ಗುಡ್ಡದಲ್ಲಿ ದೊಡ್ಡ ಮರಗಳಿರಲಿಲ್ಲ. ಕುರುಚಲು, ಬಂಡೆ, ಬಂಡೆಗಳ ನಡುವೆ ಹಗಲಲ್ಲೂ ಕಪ್ಪಗಿರುವ ಸಂದುಗಳು. ಆದರೂ ಜನ ಅಲ್ಲಿ ಕಾಣೆಯಾಗುತ್ತಿದ್ದರು. ಹಿಂದಿನ ವರ್ಷ ಒಬ್ಬನ ಮೇಕೆಗಳಷ್ಟೇ ಸಂಜೆ ಮನೆಗೆ ಬಂದವು. ಅದಕ್ಕೂ ಮುಂಚೆ ಜೇನು ಕೀಳಲು ಹೋದವನೊಬ್ಬ... ಅದಕ್ಕೇ ಒಳಗೆ ಹೋಗುವವರು ದಾರಿಯ ಬಾಯಲ್ಲಿದ್ದ ತಂಗಡಿ ಗಿಡಕ್ಕೆ ಬಟ್ಟೆಯ ಚೂರೊಂದನ್ನು ಕಟ್ಟುತ್ತಿದ್ದರು, ಹೊರಬಂದಾಗ ಬಿಚ್ಚಿಕೊಳ್ಳುತ್ತಿದ್ದರು. ಸಂಜೆ ಕೈಮರದ ಸಿಗ್ನಲ್ ದೀಪ ಹಚ್ಚಲು ಹೋಗುವ ಸ್ಟೇಷನ್ನಿನ ಪಾಯಿಂಟ್ಸ್‌ಮನ್ ಆ ಗಿಡವನ್ನೂ ನೋಡಿ ಬರುತ್ತಿದ್ದ. ಗಂಟು ಉಳಿದಿದ್ದರೆ ಊರವರು ಪಂಜು, ತಮಟೆ ಹಿಡಿದು ಹೊರಡುತ್ತಿದ್ದರು.

"ಗಿಡಕ್ಕೆ ಕಟ್ಟಕ್ಕೆ ಒಂದ್ ಚೂರು ಬಟ್ಟೆ ಇದ್ರೆ ಕೊಡಿ ಅಮ್ಮಾವ್ರೇ. ನನ್ದು ಗಾಳಿಗೆ ಹರ್ದೋಯ್ತು" ಅಂದಳು ಎಲೆಯವ್ವ.

"ನನ್ನ ಸೀರೆ ತೇಪೆಗೇ ಬಟ್ಟೆ ಸಿಕ್ತಿಲ್ಲ, ನಿನ್ನ ಗಿಡಕ್ಕೆಲ್ಲಿಂದ ತರ್ಲವ್ವಾ?" ಎಂದು ಅಮ್ಮ ಒಳಗಿನಿಂದ ನಕ್ಕಳು.

ನಾನು ಸದ್ದಿಲ್ಲದೆ ನನ್ನ ಎರಡು ನೀಲಿ ರಿಬ್ಬನ್ನುಗಳಲ್ಲಿ ಒಂದನ್ನು ಅವಳ ಕೈಗಿಟ್ಟೆ.

"ಅಯ್ಯೋ ನನ್ನವ್ವ! ಇದ್ನ ಕಟ್ಟಿದ್ರೆ ಗುಡ್ಡಕ್ಕಲ್ಲ, ಮದುವೆಗೆ ಹೋದಂಗಿರ್ತದೆ" ಎಂದು ಬಾಯಿಗೆ ಸೆರಗು ಹಿಡಿದಳು. "ಸಂಜೆ ವಾಪಸ್ ಕೊಡ್ತೀನಿ ಮಗಾ. ನಾಳೆ ರೈಲಲ್ಲಿ ನಿಂಗೆ ಬುತ್ತಿ ಬೇಕಲ್ಲ, ಎಳೇ ಎಲೆ ತರ್ತೀನಿ."

ಮಧ್ಯಾಹ್ನ ಟ್ರಂಕು ತುಂಬುವಾಗ ಅಮ್ಮ ಕೇಳಿದಳು: "ಇನ್ನೊಂದು ರಿಬ್ಬನ್ ಎಲ್ಲೇ? ಒಂದೇ ಜಡೆಗೆ ಕಟ್ಕೊಂಡು ಹೋದ್ರೆ ಸಿಸ್ಟರ್ ಬಾಗಿಲಲ್ಲೇ ನಿಲ್ಲಿಸ್ತಾರೆ, ನೋಡ್ಕೋ."

ಓಡಿದೆ. ಗಿಡದಿಂದ ರಿಬ್ಬನ್ನು ಬಿಚ್ಚಿಕೊಂಡೆ. ಬದಲಿಗೆ ಏನಾದರೂ ಕಟ್ಟಬೇಕಲ್ಲ ಎಂದು ಹುಲ್ಲು ಹೊಸೆದು ಅದೇ ಕೊಂಬೆಗೆ ಎರಡು ಗಂಟು ಹಾಕಿದೆ. ಹಸಿರು ಗಿಡದಲ್ಲಿ ಹಸಿರು ಗಂಟು. ಅದು ಯಾರಿಗೆ ಕಂಡೀತು ಎಂದು ನನಗೆ ಹೊಳೆಯಲೇ ಇಲ್ಲ.

ಮಾರನೆಯ ಬೆಳಗ್ಗೆ ಎರಡೂ ಜಡೆಗೆ ನೀಲಿ ರಿಬ್ಬನ್ನು ಕಟ್ಟಿಕೊಂಡು ರೈಲು ಹತ್ತಿದೆ. ಉಳಿದದ್ದು ತಿಳಿದದ್ದು ಅಮ್ಮನ ಕಾಗದದಿಂದ. ಎಲೆಯವ್ವನ ಗುಡಿಸಲ ಬಾಗಿಲು ಮುಚ್ಚಿಯೇ ಇದೆಯೆಂದು ಜನ ಗಮನಿಸಿದ್ದು ಎರಡು ದಿನದ ಮೇಲೆ. ಆಮೇಲೆ ಹುಡುಕಿದಾಗ ಒಂದು ಬಂಡೆಯ ಮೇಲೆ ಎಲೆಯ ಕಟ್ಟು ಸಿಕ್ಕಿತಂತೆ. ಎಲ್ಲವೂ ಎಳೆಯ ಎಲೆ, ಅಂಚಿಗೆ ಅಂಚು ಕೂಡಿಸಿ ಕಟ್ಟಿದ್ದು. ಸುತ್ತ ರಕ್ತವಿಲ್ಲ, ಸೀರೆಯ ಒಂದು ಎಳೆಯೂ ಇಲ್ಲ. ಅವಳು ಇಲ್ಲವೇ ಇಲ್ಲ...

ಮೊದಲ ಸಂಜೆಯೇ ಹುಡುಕಿದ್ದರೆ ಸಿಗುತ್ತಿದ್ದಳೋ ಏನೋ, ಇವತ್ತಿಗೂ ತಿಳಿಯದು. ರಿಬ್ಬನ್ನಿನ ಮಾತನ್ನು ನಾನು ಯಾರಿಗೂ ಹೇಳಲಿಲ್ಲ. ಅಮ್ಮನಿಗಾದರೂ ಹೇಳಬಹುದಿತ್ತು, ಈಗ ಅಮ್ಮನೂ ಇಲ್ಲ. ಮೊನ್ನೆಯ ಆ ಎಲೆಯನ್ನು ಕಸಕ್ಕೆ ಹಾಕಲು ಕೈ ಬರದೆ ತೊಳೆದು ಅಡುಗೆಮನೆಯ ಕಿಟಕಿಯಲ್ಲಿ ಇಟ್ಟಿದ್ದೇನೆ. ಒಣಗಿ ಮುದುರುತ್ತಿದೆ.

ರಜೆಯ ಆ ಕೊನೆಯ ಸಂಜೆ ಮಾತ್ರ ಕಣ್ಣಿಗೆ ಕಟ್ಟಿದಂತಿದೆ. ಗುಡ್ಡ ಕಪ್ಪಾಗುತ್ತಿತ್ತು. ಕೈಮರದ ದೀಪ ಹತ್ತಿತ್ತು. ಅಮ್ಮ ಮೆಟ್ಟಿಲ ಮೇಲೆ ಕುಳಿತು ನನ್ನ ತಲೆ ಬಾಚುತ್ತ, "ಎಲೆಯವ್ವ ಇನ್ನೂ ಬರ್ಲಿಲ್ವಲ್ಲ" ಅಂದಳು. ನಾನು ರಿಬ್ಬನ್ನಿನ ಮಾತು ಹೇಳಲು ತಿರುಗಿದೆ. "ಅಲ್ಲಾಡ್ಬೇಡ್ವೇ" ಎಂದು ಜಡೆ ಎಳೆದಳು. ಪಕ್ಕದ ಜಗಲಿಯಲ್ಲಿ ಪಾಯಿಂಟ್ಸ್‌ಮನ್ನನ ಹೆಂಡತಿ ಮೊರದಲ್ಲಿ ಅಕ್ಕಿಯ ಕಲ್ಲು ಆರಿಸುತ್ತಿದ್ದಳು. ತಲೆಯೆತ್ತದೆಯೇ ಅಂದಳು:

"ಗಿಡದಲ್ಲಿ ಗಂಟಿಲ್ಲ ಅಂದ್ರು ನಮ್ಮೋರು. ಆಗ್ಲೇ ಮನೆ ಸೇರಿ ಮುದ್ದೆ ತಿರುವ್ತಿರ್ತಾಳೆ ಬಿಡಿ ಅಮ್ಮಾವ್ರೇ."