ಕೊನೆಯ ಮನೆ ಮುಗಿಯುವವರೆಗೆ

ವೆನೆಟಾಳ ಅಡುಗೆಮನೆಯ ಗೋಡೆಯಾಚೆ, ಸಮುದ್ರಕ್ಕೂ ಸರೋವರಕ್ಕೂ ನಡುವಿನ ತೂಬಿನ ನೀರು ಹಗಲೂ ರಾತ್ರಿ ಗೊಳಗೊಳ ಎನ್ನುತ್ತಿತ್ತು. ಗಾಳಿ ಬೀಸಿದಂತೆ ಸಮುದ್ರ ಒಳಗೆ ಬರುತ್ತಿತ್ತು, ಸರೋವರ ಹೊರಗೆ ಹೋಗುತ್ತಿತ್ತು. ಹುಟ್ಟಿದಂದಿನಿಂದ ಕೇಳಿದ ಸದ್ದು. ನಿಂತಾಗ ಮಾತ್ರ ಅವಳಿಗೆ ಅದರ ಅರಿವಾಗುತ್ತಿತ್ತು. ವರ್ಷಕ್ಕೊಮ್ಮೆ, ಜನವರಿಯಲ್ಲಿ, ಯೇಸುವಿನ ದೀಕ್ಷಾಸ್ನಾನದ ನೆನಪಿನ ಜೋರ್ಡಾನ್ ಹಬ್ಬದ ಮುನ್ನಾದಿನ ತೂಬು ಮುಚ್ಚಿದಾಗ, ಅದು ನಿಲ್ಲುತ್ತಿತ್ತು.

ಅವಳು ಆ ಊರಿನ ನೀರುಗಂಟಿ. ಅಪ್ಪನಿಂದ ಬಂದ ಕೆಲಸ: ನಗರಸಭೆಯ ಸಂಬಳ, ರಬ್ಬರ್ ಬೂಟು, ತೂಬಿನ ಕಬ್ಬಿಣದ ಚಕ್ರ. ಮದುವೆಯಾಗಲಿಲ್ಲ. ತಾಯಿಯಿಲ್ಲದ ತಮ್ಮ ರಾದ್ಕೊನನ್ನು ಬೆಳೆಸಿದಳು. ಅವನು ಅದೇ ಸರೋವರದ ಮೀನುಗಾರನಾದ.

ಹಬ್ಬದ ದಿನ ಪಾದ್ರಿ ಎವ್ಸ್ತಾತಿ ಸರೋವರಕ್ಕೆ ಶಿಲುಬೆ ಎಸೆಯುತ್ತಾರೆ. ಗಂಡಸರು ಕೊರೆಯುವ ನೀರಿಗೆ ಧುಮುಕಿ ಅದನ್ನು ತರುತ್ತಾರೆ. ಅಂದಿನಿಂದ ಆ ನೀರು ಪವಿತ್ರ. ತಾಮ್ರದ ಬಟ್ಟಲಲ್ಲಿ ಅದನ್ನು ತುಂಬಿಕೊಂಡು, ಕಾಮಕಸ್ತೂರಿಯ ಕಟ್ಟು ಅದ್ದಿ, ಪಾದ್ರಿಗಳು ಮನೆಮನೆಗೂ ಚಿಮುಕಿಸುತ್ತಾರೆ. ಕೊನೆಯ ಮನೆ ಮುಗಿಯುವವರೆಗೆ ತೂಬು ತೆರೆಯಬಾರದು. ಹರಸಿದ ನೀರು ಸಮುದ್ರ ಸೇರಿದರೆ ಬಾಕಿ ಉಳಿದ ಮನೆಗಳ ಭಾಗ್ಯವೂ ಅದರ ಜೊತೆಗೇ ಹೋಗುತ್ತದೆ. ಅಪ್ಪನ ಕಾಲದಲ್ಲಿ ಊರೆಂದರೆ ನಾಲ್ಕು ಬೀದಿ, ಮರುದಿನಕ್ಕೆಲ್ಲ ಮುಗಿಯುತ್ತಿತ್ತು. ಈಗ ದಂಡೆಯುದ್ದಕ್ಕೂ ಎತ್ತರದ ಕಟ್ಟಡಗಳು. ಪಾದ್ರಿಗಳಿಗೆ ಮಂಡಿನೋವು, ಲಿಫ್ಟ್ ಕೆಟ್ಟಿರುತ್ತದೆ, ಸುತ್ತು ವಾರ ದಾಟುತ್ತದೆ. ಆ ಕಟ್ಟಡಗಳ ಕೊಳಚೆ ಮಾತ್ರ ಯಾವ ಹಬ್ಬಕ್ಕೂ ನಿಲ್ಲದೆ ಸರೋವರಕ್ಕೆ ಬೀಳುತ್ತದೆ.

ಹೋದ ವರ್ಷ ಅವಳು, ರಾದ್ಕೊನ ಮನೆ ಇನ್ನೂ ಬಾಕಿಯಿದ್ದಾಗಲೇ, ಯಾರಿಗೂ ಹೇಳದೆ ಬೇಗ ತೆರೆದಿದ್ದಳು. ಆ ವಸಂತದಲ್ಲಿ ರಾದ್ಕೊನ ಹೆಂಡತಿ ತೀರಿಕೊಂಡಳು. ಅಂದಿನಿಂದ ರಾದ್ಕೊ ಅಕ್ಕನ ಮನೆಯಲ್ಲಿ ಊಟಕ್ಕೆ ಕೂರುವುದನ್ನು ಬಿಟ್ಟ.

ಈ ಸಲ ಗಾಳಿಯೂ ಬಿದ್ದುಹೋಗಿತ್ತು. ಚಳಿಗಾಲ ಕಳೆಯಲು ಆಳದಲ್ಲಿ ಗುಂಪುಗೂಡುವ ಕೆಫಲ್ ಮೀನುಗಳು ನಿಂತ ನೀರಿನಲ್ಲಿ ಉಸಿರು ಸಾಲದೆ ಮೇಲೆದ್ದು ಬಾಯಿ ಬಿಡತೊಡಗಿದವು. ವೆನೆಟಾ ನಗರಸಭೆಗೆ ಫೋನು ಮಾಡಿದಳು.

“ತೆಗಿ ಅಂತ ಒಂದು ಮಾತು ಹೇಳಿ ಸಾರ್, ಸಾಕು.”

“ನನ್ನ ಬಾಯಲ್ಲಿ ಹೇಳಿಸಬೇಡ ತಾಯಿ,” ಎಂದರು ಅಧಿಕಾರಿ. “ಸರೋವರ ಕಾಯೋಕೆ ನೀನಿದೀಯಲ್ಲ. ನಮ್ಮಮ್ಮನ ಮನೆಗೇ ಪಾದ್ರಿ ಇನ್ನೂ ಬಂದಿಲ್ಲ.”

ಅವಳು ಹೋಗಿ ಚಕ್ರ ಹಿಡಿದಳು. ಹಿಂದೆ ಬೂಟಿನ ಸದ್ದಾಯಿತು. ರಾದ್ಕೊ.

“ಬೇಡ ಅಕ್ಕ.”

“ನೀರು ನೋಡೋ. ಅವು ನಿನ್ನ ಮೀನೇ ಕಣೋ.”

“ನೋಡಿದೆ. ಸೊಸೆಗೆ ದಿನ ತುಂಬಿದೆ. ಪಾದ್ರಿಗಳು ನಮ್ಮ ಕೆಳಗಿನ ಮಹಡಿವರೆಗೆ ಬಂದಿದಾರೆ. ನಾಳೆ ನಮ್ಮನೆ.”

“ಒಂದು ಮಹಡಿ ಹತ್ತೋಕೆ ಒಂದು ದಿನಾನಾ? ನೀನು ಹೊತ್ಕೊಂಡು ಹೋಗಬಾರದಿತ್ತಾ ಅವರನ್ನ?”

ಅವನು ನಗಲಿಲ್ಲ. “ಹೋದ ವರ್ಷ ನೀನು ತೆಗೆದದ್ದು ನನಗೆ ಗೊತ್ತು. ಕೇಳಿದೀನಾ ಯಾವತ್ತಾದರೂ? ಇದೊಂದು ಸಲ ಕೇಳ್ತಿದೀನಿ.”

ವೆನೆಟಾ ಕೈ ತೆಗೆದಳು. ಅಂಗೈಗೆ ತುಕ್ಕು ಅಂಟಿತ್ತು. ಅದನ್ನು ಎಷ್ಟೋ ಹೊತ್ತು ತನ್ನ ಹಳೆಯ ಕೋಟಿಗೆ ಒರೆಸುತ್ತ ನಿಂತಳು.

ಬೆಳಗಾಗುವಾಗ ವಾಸನೆ ಅವಳನ್ನು ಎಬ್ಬಿಸಿತು. ದಂಡೆಯುದ್ದಕ್ಕೂ ಮೀನುಗಳು ಹೊಟ್ಟೆ ಮೇಲಾಗಿ, ಬೆಳ್ಳಗೆ, ಒಂದಕ್ಕೊಂದು ತಾಗಿಕೊಂಡು ತೇಲುತ್ತಿದ್ದವು. ಪ್ರತಿ ಚಳಿಗಾಲವನ್ನೂ ಅಲ್ಲೇ ಕಳೆಯುತ್ತಿದ್ದ ಹೆಜ್ಜಾರ್ಲೆ ಹಕ್ಕಿಗಳು ಎದ್ದು ದಕ್ಷಿಣಕ್ಕೆ ಹೊರಟಿದ್ದವು. ಅವುಗಳ ರೆಕ್ಕೆಯ ಸದ್ದು ಅಡಗಿದ ಮೇಲೆ ಯಾವ ಸದ್ದೂ ಉಳಿಯಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ರಾದ್ಕೊ ಒಂದು ಸೀಸೆ ಹಿಡಿದು ಬಂದ. ಹೊಸ್ತಿಲಲ್ಲಿ ನಿಂತು, ಹೋದ ವಸಂತದ ನಂತರ ಮೊದಲ ಸಲ, ಬೂಟಿನ ಕೆಸರು ಒರೆಸಿಕೊಂಡ. ನೀರಿನ ಕಡೆ ಮಾತ್ರ ತಿರುಗಲಿಲ್ಲ.

“ಬಂದ್ರು ಅಕ್ಕ. ಎಲ್ಲರ ತಲೆ ಮೇಲೂ ಚಿಮುಕಿಸಿದ್ರು. ನಿನಗೂ ಒಂದಿಷ್ಟು ತಂದೆ.” ಸೀಸೆ ಚಾಚುತ್ತ ಕೇಳಿದ, “ಊಟಕ್ಕೆ ಇರಲಾ?”

ವೆನೆಟಾ ಸೀಸೆ ಇಸಿದುಕೊಂಡು ಕಿಟಕಿಯಲ್ಲಿಟ್ಟಳು. ಮೇಜಿನ ಮೇಲೆ ಇನ್ನೊಂದು ತಟ್ಟೆ ಇಟ್ಟಳು.

“ಕೂತ್ಕೋ. ಕಾಳಿನ ಸಾರು ಬಿಸಿಯಾಗೇ ಇದೆ, ರೊಟ್ಟಿ ಅಲ್ಲಿದೆ. ಮೀನು ಮಾತ್ರ ಇನ್ನು ನಮಗೆ…” ಎನ್ನುತ್ತ ಅವಳು ಕೋಟು ಹಾಕಿಕೊಂಡು ತೂಬಿನ ಚಕ್ರ ತಿರುಗಿಸಲು ನಡೆದಳು.