ಬಾಗಿನಕ್ಕೆ ಬಿದ್ದ ಸುಂಕ

ಯಾವ ಬಿಲ್ಲನ್ನೂ ತೆಪ್ಪಗೆ ಕಟ್ಟುವ ಜಾಯಮಾನ ನನ್ನದಲ್ಲ. ಹೋಟೆಲಿನಲ್ಲಿ ಎರಡು ಇಡ್ಲಿ ತಿಂದರೂ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ, ಚಟ್ನಿಗೇನಾದರೂ ಬೇರೆ ಹಾಕಿದ್ದಾನೋ ಎಂದು ಖಾತ್ರಿ ಮಾಡಿಕೊಂಡೇ ಜೇಬಿಗೆ ಕೈ ಹಾಕುವವನು ನಾನು. ಇದರಲ್ಲಿ ನನ್ನ ಕಸುಬಿನ ಪಾಲೂ ಇದೆ. ತರೀಕೆರೆಯಲ್ಲಿ ರಿಜಿಸ್ಟ್ರಾರ್ ಆಫೀಸಿನ ಎದುರಿಗೆ ಒಂದು ಮೇಜು, ಎರಡು ಕುರ್ಚಿ ಹಾಕಿಕೊಂಡು ಜನರ ಕ್ರಯಪತ್ರ, ಪಾಲುಪತ್ರ, ತಕರಾರು ಅರ್ಜಿ ಬರೆದುಕೊಡುವುದು ನನ್ನ ಹೊಟ್ಟೆಪಾಡು. ಊರವರ ತಕರಾರುಗಳನ್ನೆಲ್ಲ 'ಸದರಿ', 'ಮೇಲ್ಕಂಡ' ಎಂಬ ಮಾತುಗಳಲ್ಲಿ ಅದ್ದಿ ಒಣಗಹಾಕುವವನಿಗೆ ತನ್ನದೆಂದು ಒಂದು ತಕರಾರೂ ಇಲ್ಲದಿದ್ದರೆ ಹೇಗೆ ಹೇಳಿ. ನನ್ನ ಹೆಂಡತಿ ಶಾಂತ ಮಾತ್ರ ಇದನ್ನು ಕಸುಬೆಂದು ಒಪ್ಪುವುದಿಲ್ಲ, ರೋಗವೆನ್ನುತ್ತಾಳೆ. "ಯಮ ಬಂದ್ರೂ ಅವನ ಹತ್ರ ನೋಟೀಸಿನ ನಕಲು ಕೇಳ್ತೀರ ಕಣ್ರೀ ನೀವು" ಎಂದು ಒಮ್ಮೆ ಅಂದಿದ್ದಳು. ನಕಲು ಕೇಳುವುದು ನನ್ನ ಹಕ್ಕು ಎಂದು ನಾನೂ ಅಂದಿದ್ದೆ.

ಇಂಥ ನನ್ನ ಮೊಬೈಲಿಗೆ, ಹೋದ ವರ್ಷ ಗೌರಿ ಹಬ್ಬ ಹತ್ತಿರ ಬಂದಾಗ ಒಂದು ಸಂದೇಶ ಬಂತು. ಮಸ್ಕತ್ತಿನಿಂದ ನಿಮಗೊಂದು ಪಾರ್ಸೆಲ್ ಬಂದಿದೆ, ಕಸ್ಟಮ್ಸ್ ಸುಂಕ ಮತ್ತು ಇತರೆ ಶುಲ್ಕಗಳ ಬಾಬ್ತು ಎಂಟು ಸಾವಿರ ಚಿಲ್ಲರೆ ಕಟ್ಟಿ ಕಡೂರಿನ ನಮ್ಮ ಶಾಖೆಯಿಂದ ಬಿಡಿಸಿಕೊಳ್ಳಿ ಎಂದು. ಇದು ಯಾರೋ ಟೋಪಿ ಹಾಕುವವರ ಕೆಲಸವೆಂದು ಅಳಿಸಲು ಹೊರಟೆ. ಅಷ್ಟರಲ್ಲಿ ಹಿಂದಿನಿಂದ ಇಣುಕಿದ ಶಾಂತ ಫೋನನ್ನು ಕಿತ್ತುಕೊಂಡು, "ನಮ್ ನಾಗ ಕಳಿಸವ್ನೆ" ಅಂದಳು. ನಾಗ ಎಂದರೆ ನಾಗರಾಜ, ಅವಳ ತಮ್ಮ. ಅಜ್ಜಂಪುರದವನು. ಮಸ್ಕತ್ತಿನಲ್ಲಿ ಟಯರ್ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಾನೆ.

ಗೌರಿ ಹಬ್ಬಕ್ಕೆ ಹೆಣ್ಣುಮಕ್ಕಳಿಗೆ ತವರಿನಿಂದ ಬಾಗಿನ ಬರಬೇಕು. ಸೀರೆಯೋ ಬಳೆಯೋ, ಅರಿಶಿನ ಕುಂಕುಮಕ್ಕೆಂದು ನೂರು ರೂಪಾಯಿಯೋ, ಬರುವುದು ಮುಖ್ಯ. ತಂದೆ ತಾಯಿ ಹೋದ ಮೇಲೆ ಶಾಂತಳಿಗೆ ತವರು ಅಂದರೆ ನಾಗರಾಜ ಒಬ್ಬನೇ. ಅದರ ಹಿಂದಿನ ವರ್ಷ ಅವನು ಒಂದು ಕಡೆ ಕೆಲಸ ಬಿಟ್ಟು ಇನ್ನೊಂದು ಕಡೆ ಸೇರುವ ಪೇಚಾಟದಲ್ಲಿ ಏನೂ ಕಳಿಸಿರಲಿಲ್ಲ. ತಾಂಬೂಲಕ್ಕೆ ಬಂದ ಎದುರು ಮನೆಯ ಕಮಲಮ್ಮ, ಕೇರಿಯ ಹೆಂಗಸರೆಲ್ಲ ಕೂತಿರುವಾಗಲೇ, "ಯಾಕೇ ಶಾಂತ, ಈ ಸಲ ತವರೋರು ಮರ್ತೇಬಿಟ್ರಾ" ಎಂದು ಕೇಳಿದ್ದಳು. ಶಾಂತ ನಗುತ್ತಲೇ ಏನೋ ಹೇಳಿ ಸಾಗಹಾಕಿದಳು. ಎಲ್ಲರೂ ಹೋದ ಮೇಲೆ ಹಬ್ಬದ ಅಡಿಗೆಯನ್ನು ನನಗೊಬ್ಬನಿಗೆ ಬಡಿಸಿ, ತಾನು ಹಸಿವಿಲ್ಲವೆಂದು ಮಲಗಿಬಿಟ್ಟಳು. ಹಾಗಾಗಿ ಈ ಸಲ ನಾಗರಾಜ ಪಾರ್ಸೆಲ್ ಹಾಕಿದ ಸುದ್ದಿ ಬಂದ ಕೂಡಲೇ ನನ್ನೊಬ್ಬನನ್ನು ಬಿಟ್ಟು ಕೇರಿಗೆಲ್ಲ ಹೇಳಿಯಾಗಿತ್ತು. ಇನ್ನು ಪಾರ್ಸೆಲ್ ಬಿಡಿಸುವುದೋ ಬೇಡವೋ ಎಂಬ ಪ್ರಶ್ನೆಯೇ ಇರಲಿಲ್ಲ.

ಕಡೂರಿಗೆ ಹೋದೆ. ಕೊರಿಯರಿನವರ ಶಾಖೆ ಎಂದರೆ ಒಂದು ಶಟರಿನ ಅಂಗಡಿ, ಅದರಲ್ಲಿ ಅರ್ಧ ಜೆರಾಕ್ಸ್ ಮೆಷೀನು. ಅದನ್ನು ನೋಡಿಕೊಳ್ಳುವ ಮಂಜಣ್ಣ ಬಿಲ್ಲನ್ನು ನನ್ನ ಮುಂದಿಟ್ಟ. ಬಿಲ್ಲೆಂದರೆ ಬಿಲ್ಲು ಅದು. ಮೊದಲ ಸಾಲು ಸುಂಕ. ಎರಡನೆಯದು ಸುಂಕದ ಮೇಲೆ ಸೆಸ್ಸು. ಮೂರನೆಯದು ಇದೆಲ್ಲ ಸೇರಿದ್ದರ ಮೇಲೆ ಜಿಎಸ್‌ಟಿ. ಅಲ್ಲಿಗೆ ಸರ್ಕಾರ ಕೈ ತೊಳೆದುಕೊಂಡು ಎದ್ದಿತ್ತು, ಕಂಪನಿ ಎಲೆ ಹಾಕಿಕೊಂಡು ಕೂತಿತ್ತು. ಸುಂಕವನ್ನು ನಮ್ಮ ಪರವಾಗಿ ಮುಂಗಡ ಕಟ್ಟಿದ್ದಕ್ಕೆ ಒಂದು ಶುಲ್ಕ, ಕಾಗದಪತ್ರ ನೋಡಿದ್ದಕ್ಕೆ ಇನ್ನೊಂದು, ಕೊನೆಯಲ್ಲಿ ಗಂಭೀರವಾಗಿ 'ಆಡಳಿತ ಶುಲ್ಕ'. ಈ ಮೂರರ ಮೇಲೆ ಮತ್ತೆ ಜಿಎಸ್‌ಟಿ. ಆಡಳಿತ ಅಂದರೆ ಏನು ಮಾಡಿದಿರಪ್ಪಾ ಎಂದು ಕೇಳಿದೆ. ಮಂಜಣ್ಣ ಸ್ವಲ್ಪ ಯೋಚನೆ ಮಾಡಿ, "ಈ ಬಿಲ್ ರೆಡಿ ಮಾಡೋದೈತಲ್ಲ ಸಾರ್, ಅದೇ ಆಡಳಿತ" ಅಂದ.

ಹಿಂದಿನ ರಾಜರುಗಳೇನೂ ಸುಂಕ ಹಾಕುವುದರಲ್ಲಿ ಕಡಿಮೆಯವರಲ್ಲ. ಶಾಸನಗಳನ್ನು ಓದಿದರೆ ಗಾಣಕ್ಕೆ ತೆರಿಗೆ, ಮಗ್ಗಕ್ಕೆ ತೆರಿಗೆ, ಎತ್ತಿನ ಮೇಲಿನ ಹೇರಿಗೆ ತೆರಿಗೆ, ಮದುವೆಯಾದರೂ ತೆರಿಗೆ. ಆದರೆ ಸುಂಕದ ಕಟ್ಟೆಯಲ್ಲಿ ಕೂತವನು, ನಿನ್ನ ಹೇರು ಎಣಿಸಿ ನನ್ನ ಬೆರಳು ನೋಯಿತು, ಅದಕ್ಕೆ ಬೇರೆ ಕೊಡು ಎಂದು ಕೇಳಿದ್ದು ನಾನು ಓದಿದ ಯಾವ ಶಾಸನದಲ್ಲೂ ಇಲ್ಲ. ಕಲ್ಲಿನ ಮೇಲೆ ಕೆತ್ತಿಸಬೇಕಾದ ಕಾಲದಲ್ಲಿ ಮನುಷ್ಯ ಒಂದೊಂದು ಸಾಲಿಗೂ ಹಿಂದೆಮುಂದೆ ನೋಡುತ್ತಿದ್ದನೆಂದು ಕಾಣುತ್ತದೆ. ಕಂಪ್ಯೂಟರಿಗೆ ಆ ದಾಕ್ಷಿಣ್ಯವಿಲ್ಲ.

ಅಲ್ಲಿಂದಲೇ ಕಂಪನಿಯ ಸಹಾಯವಾಣಿಗೆ ಫೋನು ಹಚ್ಚಿದೆ. ಬಹಳ ಹೊತ್ತು ಸಂಗೀತ ಕೇಳಿಸಿದ ಮೇಲೆ ಒಬ್ಬ ಹುಡುಗಿ ಬಂದು, ನಿಮ್ಮ ಅಸಮಾಧಾನ ನಮಗೆ ಅರ್ಥವಾಗುತ್ತದೆ ಸರ್ ಎಂದಳು. ನಾನಿನ್ನೂ ಅಸಮಾಧಾನವನ್ನು ಶುರು ಮಾಡಿರಲಿಲ್ಲ. ತಮ್ಮ ಅಕ್ಕನಿಗೆ ಕಳಿಸಿದ ಬಾಗಿನ ಇದು, ವ್ಯಾಪಾರದ ಮಾಲಲ್ಲ ಎಂದು ವಾದ ಮಾಡಿದೆ. ರಾಖಿಯಾಗಿದ್ದರೆ ವಿನಾಯಿತಿ ಇತ್ತು ಸರ್, ಬಾಗಿನ ಎನ್ನುವುದು ನಮ್ಮ ಪಟ್ಟಿಯಲ್ಲಿ ಬರುವುದಿಲ್ಲ ಎಂದಳು. ಅಂದರೆ ಅಕ್ಕ ತಮ್ಮನಿಗೆ ದಾರ ಕಳಿಸಿದರೆ ದೇಶ ಅದನ್ನು ಪ್ರೀತಿ ಎಂದು ಒಪ್ಪುತ್ತದೆ, ತಮ್ಮ ಅಕ್ಕನಿಗೆ ಏನಾದರೂ ಕಳಿಸಿದರೆ ಆಮದು ಎಂದು ಬರೆದುಕೊಳ್ಳುತ್ತದೆ. ಕೊನೆಗೆ ಅವಳೇ ದಾರಿ ತೋರಿಸಿದಳು. ಮೊದಲು ಹಣ ಕಟ್ಟಿ ಬಿಡಿಸಿಕೊಳ್ಳಿ, ಆಮೇಲೆ ವಸ್ತುವಿನ ನಿಜವಾದ ಬೆಲೆ ಕಡಿಮೆ ಎಂದು ಅಂಗಡಿ ಬಿಲ್ ಸಮೇತ ತಕರಾರು ಸಲ್ಲಿಸಿದರೆ ಹೆಚ್ಚುವರಿ ಹಣ ವಾಪಸ್ ಬರಬಹುದು ಎಂದಳು. ತಕರಾರು ಎಂಬ ಮಾತು ಕಿವಿಗೆ ಬಿದ್ದದ್ದೇ ನನ್ನ ಸಿಟ್ಟು ಅರ್ಧ ಇಳಿಯಿತು. ಹಣ ಕಟ್ಟಿ, ಕಂಪನಿಯ ಪ್ರತಿಯ ಮೇಲೆ 'ತಕರಾರಿಗೆ ಒಳಪಟ್ಟು ಪಾವತಿಸಿದೆ' ಎಂದು ಬರೆದು ಸಹಿ ಮಾಡಿ ಬಂದೆ.

ಪೆಟ್ಟಿಗೆಯೊಳಗೆ ಇದ್ದದ್ದು ಒಂದು ರಗ್ಗು. ದಪ್ಪನೆಯದು, ಮೇಲೆ ಹುಲಿಯ ಚಿತ್ರ. ಶಾಂತ ಅದನ್ನು ಮಡಿಲಲ್ಲಿಟ್ಟುಕೊಂಡು ಸವರುತ್ತಾ ಕೂತಳು. ಬೆಳಗಿನ ಜಾವ ಚಳಿ ಎಂದು ತಾನು ಯಾವತ್ತೋ ಫೋನಿನಲ್ಲಿ ಅಂದದ್ದನ್ನು ನೆನಪಿಟ್ಟುಕೊಂಡು ಕಳಿಸಿದ್ದಾನೆ ಎಂದು ಕಣ್ಣೊರೆಸಿಕೊಂಡಳು. ನಾನು ಮೆಲ್ಲನೆ ಹಿತ್ತಲಿಗೆ ಹೋಗಿ ನಾಗರಾಜನಿಗೆ ಫೋನ್ ಮಾಡಿ, ಅಂಗಡಿಯ ಬಿಲ್ಲು ಕಳಿಸು ಮಾರಾಯ ಎಂದೆ.

"ಬೈಬೇಡಿ ಭಾವ. ಅಂಗಡಿ ಮುಚ್ಚೋ ಸೇಲ್‌ನಾಗೆ ತಗಂಡಿದ್ದು. ನಮ್ ದುಡ್ಡಲ್ಲಿ ಒಂಬೈನೂರು ಆಯ್ತದೆ. ಕೊರಿಯರ್ ಕೌಂಟರ್ನಾಗೆ ಬೆಲೆ ಎಷ್ಟು ಅಂದ. ಹಿಂದೆ ಬೀರೂರೋನೊಬ್ಬ ನಿಂತಿದ್ದ, ಊರಿಗೋಗಿ ಹೇಳೇ ಹೇಳ್ತಾನೆ. ಅಕ್ಕನ ಬಾಗಿನಕ್ಕೆ ಒಂಬೈನೂರು ಅಂತ ಹೆಂಗೇಳ್ಲಿ? ಒಂದು ಸೊನ್ನೆ ಸೇರಿಸ್ಬಿಟ್ಟೆ."

ನನಗೆ ನಗು ಬಂತು. ನಮ್ಮ ಕಡೆ ತೋಟ ಮಾರುವವನು ಟೀ ಅಂಗಡಿಯಲ್ಲಿ ಒಂದು ಬೆಲೆ ಹೇಳುತ್ತಾನೆ, ನನ್ನ ಮೇಜಿನ ಮುಂದೆ ಕೂತು ಪತ್ರ ಬರೆಸುವಾಗ ದನಿ ತಗ್ಗಿಸಿ ಅದರಲ್ಲಿ ಅರ್ಧ ಹೇಳುತ್ತಾನೆ. ಸರ್ಕಾರದ ಎದುರು ಬಡವನಾಗುವುದು ನಮಗೆ ಕರತಲಾಮಲಕ. ಅಂಥ ಸೀಮೆಯಲ್ಲಿ ಹುಟ್ಟಿದವನು ಸುಂಕದವರ ಎದುರು ಶ್ರೀಮಂತನಾಗಿ ನಿಂತಿದ್ದಾನೆ. ಅವನು ಸೇರಿಸಿದ ಆ ಸೊನ್ನೆಗೆ ನಾನು ಎಂಟು ಸಾವಿರ ತೆತ್ತು ಬಂದಿದ್ದೆ. "ಅಕ್ಕಂಗೆ ಮಾತ್ರ ಹೇಳ್ಬೇಡಿ ಭಾವ" ಎಂದು ಎರಡೆರಡು ಸಲ ಹೇಳಿ, ಅಂಗಡಿ ಬಿಲ್ಲಿನ ಫೋಟೋ ಕಳಿಸಿದ. ಅದು ಕೈಗೆ ಬಂದದ್ದೇ ತಡ, ನಾನು ಕೂತು ಮೂರು ಪುಟದ ತಕರಾರು ಬರೆದೆ. 'ಸದರಿ ರಗ್ಗು ಅತ್ಯಂತ ಅಗ್ಗದ್ದಾಗಿದ್ದು' ಎಂದು ಆರಂಭ. ಅಂಥ ಚೆಂದದ ಅರ್ಜಿಯನ್ನು ನಾನು ಫೀಸು ತಗೊಂಡು ಯಾರಿಗೂ ಬರೆದುಕೊಟ್ಟಿಲ್ಲ.

ಹಬ್ಬದ ದಿನ ರಗ್ಗನ್ನು ಮಡಿಸಿ, ಹುಲಿಯ ಮುಖ ಕಾಣುವ ಹಾಗೆ ಗೌರಿಯ ಪಕ್ಕದ ಕುರ್ಚಿಯ ಮೇಲೆ ಇಟ್ಟಾಗಿತ್ತು. ಕಮಲಮ್ಮ ಬಂದು ಅಂಚನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿ, "ಇಂಥವು ಸಂತೇಲೂ ಸಿಗ್ತಾವೆ ಬಿಡು" ಅಂದಳು. ಶಾಂತ ಒಳಗೆ ಹೋಗಿ ನಾನು ಕಡೂರಿನಿಂದ ತಂದಿದ್ದ ರಸೀದಿಯನ್ನು ತಂದು ಅವಳ ಕೈಗಿತ್ತಳು. "ರಗ್ಗಿಗೆ ಎಷ್ಟೋ ನಂಗ್ ಗೊತ್ತಿಲ್ಲ ಕಣಕ್ಕ, ನಾವು ಕೇಳಾಕಾಯ್ತದಾ? ಬರೀ ಸುಂಕನೇ ಇಷ್ಟು ಕಟ್ಟಿ ಬಿಡಿಸ್ಕೊಂಡು ಬಂದವ್ರೆ ಇವ್ರು." ಕಮಲಮ್ಮ ಮೇಲಿನಿಂದ ಕೆಳಗಿನವರೆಗೆ ಓದಿದಳು. ಆಡಳಿತ ಶುಲ್ಕ ಅಂದರೆ ಏನೇ ಎಂದು ಕೇಳಿದಳು. "ದೊಡ್ಡ ಸಾಮಾನು ಬಂದ್ರೆ ಹಾಕ್ತಾರಂತೆ" ಎಂದಳು ಶಾಂತ. ಆ ಶುಲ್ಕದಿಂದ ಲೋಕಕ್ಕೆ ಏನು ಉಪಯೋಗವೆಂದು ನನಗೆ ಅವತ್ತು ತಿಳಿಯಿತು. ರಸೀದಿ ಕೈಯಿಂದ ಕೈಗೆ ಹೋಯಿತು. ಮಧ್ಯಾಹ್ನ ಶಾಂತ ಎರಡನೆಯ ಸಲ ಪಾಯಸ ಹಾಕಿಸಿಕೊಂಡು ಉಂಡಳು. ಆದರೆ ರಗ್ಗು ಅಗ್ಗದ್ದೆಂದು ಸಾಧಿಸುವ ನನ್ನ ಮೂರು ಪುಟ ಆಗಲೇ ಕಂಪನಿಯನ್ನು ಸೇರಿತ್ತು.

ಇಂಥ ಅರ್ಜಿಗಳನ್ನು ಕಂಪನಿಗಳು ಕಸದ ಬುಟ್ಟಿಗೆ ಹಾಕುತ್ತವೆ ಎಂಬುದೊಂದೇ ನನಗಿದ್ದ ಧೈರ್ಯ. ದೇವರೇ, ಈ ಒಂದು ಸಲ ನನ್ನನ್ನು ಸೋಲಿಸಪ್ಪಾ ಎಂದು ಬೇಡಿಕೊಂಡೆ. ಆದರೆ ಅರ್ಜಿ ಚೆನ್ನಾಗಿತ್ತು, ಏನು ಮಾಡುವುದು. ಒಂದು ಭಾನುವಾರ ಶಾಂತ, ಕಮಲಮ್ಮ ಇಬ್ಬರೂ ನಮ್ಮ ಜಗುಲಿಯ ಮೇಲೆ ಅಕ್ಕಿ ಆರಿಸುತ್ತಾ ಕೂತಿರುವಾಗ ಮಂಜಣ್ಣನ ಸ್ಕೂಟರ್ ಬಂದು ನಿಂತಿತು. "ನಿಮ್ ರಗ್ಗಿನ ವಿಷಯ ಸಾರ್" ಎಂದು ಕಾಗದ ತೆಗೆದು, "ಸಾಮಾನಿನ ನಿಜವಾದ ಬೆಲೆ" ಎಂದು ಓದಲು ಶುರು ಮಾಡಿದ. ನಾನು ಅವನ ಹೆಗಲ ಮೇಲೆ ಕೈ ಹಾಕಿ, ತಳ್ಳಿಕೊಂಡು ಹೋದಂತೆ ತೆಂಗಿನ ಮರದ ಆಚೆಗೆ ಕರೆದುಕೊಂಡು ಹೋದೆ.

ಬೆಲೆ ಒಂಬೈನೂರು ಎಂದು ಒಪ್ಪಿ ಸಹಿ ಹಾಕಿದರೆ ಮುಕ್ಕಾಲು ಪಾಲು ಹಣ ವಾಪಸ್ ಬರುತ್ತಿತ್ತು, ಒಂಬೈನೂರು ಎಂಬ ಮಾತೂ ಒಂದಲ್ಲ ಒಂದು ದಿನ ಜಗುಲಿಗೆ ಬರುತ್ತಿತ್ತು. ನಾನು ಪೆನ್ನು ತೆಗೆದು, 'ಕಳುಹಿಸಿದವರು ಹೇಳಿದ ಬೆಲೆಯೇ ಸರಿಯಾಗಿದ್ದು, ನನ್ನ ತಕರಾರನ್ನು ಬೇಷರತ್ತಾಗಿ ಹಿಂತೆಗೆದುಕೊಂಡಿದ್ದೇನೆ' ಎಂದು ಬರೆದೆ. ಮಂಜಣ್ಣ ಕಾಗದವನ್ನೊಮ್ಮೆ ನನ್ನನ್ನೊಮ್ಮೆ ನೋಡಿ, "ಮೈಗೆ ಹುಷಾರಾಗಿದ್ದೀರ ತಾನೆ ಸಾರ್" ಎಂದ. ಆಮೇಲೆ ಸಂಕೋಚದಿಂದ, "ತಕರಾರು ವಾಪಸ್ ತಗಳಾಕೂ ಒಂದು ಆಡಳಿತ ಶುಲ್ಕ ಐತೆ" ಎಂದ. ಮರು ಮಾತಾಡದೆ ಅದನ್ನೂ ಎಣಿಸಿಕೊಟ್ಟೆ.

ಜಗುಲಿಗೆ ಬಂದಾಗ ಕಮಲಮ್ಮ ಕಾದಿದ್ದಳು. "ಏನಂತೆ ರಗ್ಗಿಂದು?"

"ಸುಂಕ ಹಾಕೋವಾಗ ಬೆಲೆ ಕಮ್ಮಿ ಹಿಡಿದಿದ್ರಂತೆ" ಅಂದೆ.

ಮೊರದ ಮೇಲೆ ಆಡುತ್ತಿದ್ದ ಕಮಲಮ್ಮನ ಕೈ ನಿಂತಿತು. ಶಾಂತ ಅಕ್ಕಿಯಿಂದ ಕಣ್ಣೆತ್ತಲಿಲ್ಲ. ಅವಳಿಗೆ ಎಷ್ಟು ಗೊತ್ತಿತ್ತೋ ನಾನು ಇವತ್ತಿನವರೆಗೂ ಕೇಳಿಲ್ಲ. "ಹಂಗಾದ್ರೆ ಬಾಕಿ ಎಷ್ಟೈತೋ ಅದನ್ನೂ ಕಟ್ಬಿಡ್ರೀ" ಅಂದಳು. "ನಮ್ ತವರಿನ ಸಾಮಾನಿನ ಮೇಲೆ ಯಾರ್ದೂ ಬಾಕಿ ಇರಬಾರ್ದು."

"ಕಟ್ಟಿದೆ ಕಣೇ, ಈಗ ತಾನೇ" ಅಂದೆ. ಅದು ಸುಳ್ಳೇನೂ ಆಗಿರಲಿಲ್ಲ.